ಮಗ್ಗದ ಬೀದಿಯ ಟೀಚರಮ್ಮ

ದೊಡ್ಡಬಳ್ಳಾಪುರದಲ್ಲಿ ನಮ್ಮ ಬೀದಿಗೆ ಬಾಡಿಗೆಗೆ ಬಂದವರು ಬಹಳ ದಿನ ನಿಲ್ಲುವುದಿಲ್ಲ. ಬೀದಿಯ ಎರಡೂ ಬದಿಗೆ ಮನೆಗಳು, ಮನೆಗಳ ಹಿಂದೆ ಮಗ್ಗದ ಶೆಡ್ಡುಗಳು. ಕರೆಂಟಿನ ಮಗ್ಗ ಓಡುವಾಗ ಗೋಡೆ ಮುಟ್ಟಿದರೆ ಕೈ ನಡುಗುತ್ತದೆ, ಅಡಿಗೆಮನೆಯಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ. ಹುಟ್ಟಿದಾಗಿನಿಂದ ಕೇಳಿದವರಿಗೆ ಅದು ಸದ್ದೇ ಅಲ್ಲ. ಹೊರಗಿನಿಂದ ಬಂದವರು ಮೊದಮೊದಲು ತಲೆನೋವು ಎನ್ನುತ್ತಾರೆ, ಆಮೇಲೆ ಜಗಳಕ್ಕೆ ಬರುತ್ತಾರೆ, ಕೊನೆಗೆ ಅಡ್ವಾನ್ಸ್ ವಾಪಸ್ಸು ಕೇಳಿ ಗಂಟುಮೂಟೆ ಕಟ್ಟುತ್ತಾರೆ.

ಹಾಗೆ ಬಂದವರಲ್ಲಿ ಟೀಚರಮ್ಮ ಒಬ್ಬರೇ ಹದಿನೈದು ವರ್ಷ ಇದ್ದರು. ಹೋದ ವರ್ಷ ತೀರಿಕೊಂಡರು. ಅವರಿಗೆ ಒಂದು ಹೆಸರಿತ್ತು, ಒಳ್ಳೆಯ ಹೆಸರೇ. ಆದರೆ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ನಾನೂ ಕರೆದದ್ದಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ಸರ್ಕಾರಿ ಹೈಸ್ಕೂಲುಗಳಲ್ಲಿ ವಿಜ್ಞಾನ ಪಾಠ ಮಾಡಿದವರು. ಬಹಳ ವರ್ಷ ಸೂಲಿಬೆಲೆ ಕಡೆ ಇದ್ದು, ಕೊನೆಗೆ ರಾಜಘಟ್ಟಕ್ಕೆ ವರ್ಗವಾಗಿ ಅಲ್ಲೇ ರಿಟೈರಾದರು. ಮದುವೆಯಾಗಿರಲಿಲ್ಲ. ತುಮಕೂರಿನಲ್ಲಿ ಒಬ್ಬ ತಮ್ಮ ಇದ್ದ, ಹಬ್ಬಕ್ಕೆ ಬಂದು ಹೋಗುತ್ತಿದ್ದ. ಸಣ್ಣ ಆಳು, ಗಂಜಿ ಹಾಕಿದ ಕಾಟನ್ ಸೀರೆ, ಹೆಗಲಿಗೊಂದು ಬಟ್ಟೆಯ ಚೀಲ. ಬೇರೆ ಹೆಂಗಸರ ಚೀಲದಲ್ಲಿ ಬಾಚಣಿಗೆ, ಕರ್ಚೀಫು ಇರುವಂತೆ ಇವರ ಚೀಲದಲ್ಲಿ ಒಂದು ಸ್ಕ್ರೂಡ್ರೈವರು, ಒಂದು ಅಳತೆ ಟೇಪು ಇರುತ್ತಿದ್ದವು. ಮಾತು ಶುರು ಮಾಡುವ ಮೊದಲು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುವರು. ಗಾಜು ಚೊಕ್ಕಟವಾಗಿದ್ದರೂ ಒರೆಸುವರು. ಒರೆಸಲು ಶುರು ಮಾಡಿದರೆಂದರೆ ನಾವು ಇನ್ನು ಸುಲಭಕ್ಕೆ ತಪ್ಪಿಸಿಕೊಳ್ಳುವಂತಿಲ್ಲ ಎಂದೇ ಅರ್ಥ.

ಪಕ್ಕದ ಮನೆಗೆ ಸಾಮಾನು ಇಳಿಸಿದ ಎರಡು ಮೂರು ದಿನಕ್ಕೆ ನಮ್ಮ ಶೆಡ್ಡಿನ ಬಾಗಿಲಿಗೆ ಬಂದು ನಿಂತರು. ನಮ್ಮ ಯಜಮಾನರು ಮಗ್ಗ ನಿಲ್ಲಿಸಿ, 'ಶುರುವಾಯಿತು' ಎಂಬಂತೆ ನನ್ನ ಕಡೆ ನೋಡಿದರು.

"ನಿಮ್ಮ ಮಗ್ಗ ಯಾವಾಗ ನಿಲ್ಲುತ್ತೆ?" ಎಂದರು.

"ನಿಲ್ಲಿಸೋಕಾಗಲ್ಲ ಮೇಡಂ. ಹೊಟ್ಟೆಪಾಡು," ಎಂದರು ಯಜಮಾನರು.

"ನಿಲ್ಲಿಸಿ ಅಂತ ನಾನೆಲ್ಲಿ ಹೇಳ್ದೆ? ಯಾವಾಗ ನಿಲ್ಲುತ್ತೆ ಅಂತ ಕೇಳ್ದೆ."

"ಮಧ್ಯಾಹ್ನ ಊಟಕ್ಕೆ ನಿಲ್ಲುಸ್ತೀವಿ. ಕರೆಂಟ್ ಹೋದ್ರೆ ಅದೇ ನಿಲ್ಲುತ್ತೆ."

"ಸರಿ. ಹಾಗಾದ್ರೆ ನಿಮ್ಮ ಊಟದ ಹೊತ್ತಿಗೆ ನಾನು ಮಲಗಿ ಎದ್ದುಬಿಡ್ತೀನಿ," ಎಂದು ಹೊರಟುಹೋದರು. ಅವರ ಹಗಲು ನಿದ್ದೆಯ ಹೊತ್ತು ಅಂದೇ ಬದಲಾಯಿತು. ಕೊನೆಯವರೆಗೂ ಹಾಗೇ ಇತ್ತು.

ಹಾಗೆಂದು ಅವರು ಮಾಡಿದ್ದೆಲ್ಲ ಫಲಿಸಿತು ಎಂದಲ್ಲ. ಆ ವರ್ಷವೇ ಸದ್ದು ತಗ್ಗಿಸುತ್ತೇನೆಂದು ನಮ್ಮ ಅವರ ನಡುವಿನ ಗೋಡೆಗೆ ಗೋಣಿಚೀಲ ಮಡಿಸಿ ಹೊಡೆಸಿದರು. ಸದ್ದು ಅಷ್ಟಿಷ್ಟು ಕಡಿಮೆಯಾದ ಹಾಗಿತ್ತು. ಆದರೆ ಗೋಣಿಯ ಹಿಂದೆ ಇಲಿ ಸೇರಿಕೊಂಡು, ಮಗ್ಗಕ್ಕೆ ಏರಿಸಿದ್ದ ಹೊಸ ಹಾಸಿನ ಉದ್ದೆಳೆಗಳನ್ನು ಕಡಿದು ಹಾಕಿದವು. ರೇಷ್ಮೆಯ ಎಳೆಗಳು ಕುಚ್ಚು ಕುಚ್ಚಾಗಿ ಜೋತುಬಿದ್ದಿದ್ದನ್ನು ಕಂಡು ಯಜಮಾನರು ಕುದಿದುಹೋದರು. "ಆಯಮ್ಮನ ಬುದ್ಧಿ ಆಯಮ್ಮನ ಮನೇಲಿರ್ಲಿ" ಎಂದು ಗೋಡೆಯಾಚೆಗೆ ಕೇಳುವಂತೆ ಕೂಗಾಡಿದರು. ಟೀಚರಮ್ಮ ಬಂದರು. ಕಡಿದುಹೋದದ್ದನ್ನು ನೋಡಿದರು. "ತಪ್ಪು ನಂದೇ. ಇಲಿ ವಿಷಯ ನನಗೆ ಹೊಳೀಲಿಲ್ಲ," ಎಂದು ಕೂತು, ನನ್ನ ಪಕ್ಕದಲ್ಲಿ ಕಡಿದ ಎಳೆಗಳನ್ನು ಒಂದೊಂದಾಗಿ ಸೇರಿಸಿ ಹೊಸೆಯಲು ಕಲಿತರು. ಎರಡು ದಿನ ಅದೇ ಕೆಲಸ. ಬೆರಳು ಕೆಂಪಾಗಿದ್ದವು. ಎದ್ದು ಹೋಗುವಾಗ, "ಗೋಣಿ ಆಗಲ್ಲ ಅಂತ ಗೊತ್ತಾಯ್ತು. ಮಗ್ಗದ ಕಾಲಿಗೇ ಏನಾದ್ರೂ ಕೊಡಬೇಕು," ಎಂದರು. ಯಜಮಾನರು ನಕ್ಕುಬಿಟ್ಟರು. ಕೋಪ ಮಾಡಿಕೊಳ್ಳಲು ಅಲ್ಲಿ ಇನ್ನೇನೂ ಉಳಿದಿರಲಿಲ್ಲ. ಹಳೆಯ ಲಾರಿ ಟೈರು ಕತ್ತರಿಸಿ ಮಗ್ಗದ ಕಾಲ ಕೆಳಗೆ ಕೊಟ್ಟದ್ದು ಆಮೇಲಿನ ಮಾತು. ಅದರಿಂದ ನಮ್ಮ ಲೋಟಗಳ ಕಿಣಿಕಿಣಿಯೂ ನಿಂತಿತು.

ಅವರಿಗೆ ಒಂದು ನಂಬಿಕೆ ಇತ್ತು. ಅದನ್ನು ಅವರು ಯಾವತ್ತೂ ಉಪನ್ಯಾಸದಂತೆ ಹೇಳಲಿಲ್ಲ, ಹುಣಸೆಹಣ್ಣು ಬಿಡಿಸುತ್ತಲೋ ಸೊಪ್ಪು ಸೋಸುತ್ತಲೋ ಹೇಳುವರು. ಒಮ್ಮೆ ಅಂದರು: "ಮನುಷ್ಯರ ಕಷ್ಟದಲ್ಲಿ ಮುಕ್ಕಾಲು ಪಾಲು, ಯಾರೂ ಹೊಸದಾಗಿ ಯೋಚನೆ ಮಾಡದೆ ಹಾಗೇ ಬಿಟ್ಟಿದ್ದು ಕಣಮ್ಮ ಸರೋಜ."

"ಇನ್ನು ಕಾಲು ಪಾಲು?" ಎಂದು ಕೇಳಿದೆ.

"ಅದು ಯೋಚನೆ ಮಾಡಿದ್ದು ಸಾಲದೆ ಉಳಿದಿದ್ದು. ಇನ್ನೂ ಮಾಡ್ಬೇಕು."

'ಎಲ್ಲಾ ಒಳ್ಳೇದಾಗುತ್ತೆ ಬಿಡಿ' ಎನ್ನುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅದು ಧೈರ್ಯವಲ್ಲ, ಸೋಮಾರಿತನ ಎನ್ನುವರು. ತಾನಾಗಿ ಯಾವುದೂ ಒಳ್ಳೆಯದಾಗುವುದಿಲ್ಲ, ಯಾರಾದರೂ ಕೂತು ತಲೆ ಕೆಡಿಸಿಕೊಂಡರೆ ಆಗುತ್ತದೆ. 'ಹಣೆಬರಹ' ಎಂಬ ಮಾತೂ ಅವರಿಗೆ ಸೇರದು. ನಮ್ಮ ಅತ್ತೆ ದಿನಕ್ಕೆ ಹತ್ತು ಸಲ ಅನ್ನುವ ಮಾತು ಅದೇ. ಒಂದು ದಿನ ಟೀಚರಮ್ಮ ಕೇಳಿಯೇಬಿಟ್ಟರು: "ದೊಡ್ಡಮ್ಮಾ, ಹಣೇಲಿ ಏನ್ ಬರ್ದಿದೆ ಅಂತ ಓದೋಕೆ ಬರುತ್ತಾ ನಿಮಗೆ?"

"ಯಾರಿಗ್ ಬರುತ್ತೆ ತಾಯಿ?"

"ಓದೋಕೇ ಬರದೆ ಇರೋದನ್ನ ನಂಬ್ಕೊಂಡು ಸುಮ್ನೆ ಕೂತ್ಕೊಳೋದು ಹೇಗೆ?"

"ಓದ್ದೋರ ಹತ್ರ ಮಾತಾಡ್ಬಾರ್ದು" ಎಂದು ಅತ್ತೆ ಎಲೆಅಡಿಕೆ ಡಬ್ಬಿ ಎಳೆದುಕೊಂಡರು.

ಅವರ ಹಳೆಯ ಶಿಷ್ಯನೊಬ್ಬ ಆಗಾಗ ನೋಡಲು ಬರುತ್ತಿದ್ದ. ಸೂಲಿಬೆಲೆ ಹತ್ತಿರದ ಹಳ್ಳಿಯವನು, ಹಾಲಿನ ವ್ಯಾನು ಓಡಿಸುವವನು. ಆ ಶಾಲೆಯಲ್ಲಿ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವ ಮಕ್ಕಳೆಲ್ಲ ಪ್ರತಿದಿನ ತಡವಾಗಿ ಬಂದು, ಮೊದಲ ಪಾಠ ಮುಗಿಯುವವರೆಗೆ ಹೊರಗೆ ಬಿಸಿಲಿನಲ್ಲಿ ನಿಲ್ಲುತ್ತಿದ್ದರಂತೆ. ಟೀಚರಮ್ಮ ಹೆಡ್‌ಮಾಸ್ತರ ಹತ್ತಿರ ಹೋಗಿ, "ಮಕ್ಕಳು ತಡ ಮಾಡ್ತಿಲ್ಲ ಸಾರ್, ನಮ್ಮ ಪಾಠ ಬೇಗ ಶುರುವಾಗ್ತಿದೆ," ಎಂದರಂತೆ. ಶಾಲೆಯ ವೇಳೆ ಬದಲಿಸಲು ಹೆಡ್‌ಮಾಸ್ತರಿಗೆ ಅಧಿಕಾರವಿರಲಿಲ್ಲ. ಸಂಜೆಯ ಆಟದ ಪೀರಿಯಡ್ಡನ್ನು ಬೆಳಿಗ್ಗೆಗೆ ತಂದರೆ ಯಾರ ಅಪ್ಪಣೆಯೂ ಬೇಕಾಗಿಲ್ಲ ಎಂದು ಇವರು ತೋರಿಸಿಕೊಟ್ಟರು. "ನಾನು ಎಸ್ಸೆಲ್ಸಿ ಪಾಸಾಗಿದ್ದು ಅದ್ರಿಂದಾನೇ ಅಕ್ಕ," ಎಂದ ಆತ. "ಆಟಕ್ಕೆ ತಪ್ಪಿಸ್ಕೊಂಡೆ ಅಷ್ಟೆ, ಪಾಠಕ್ಕೆ ಸಿಕ್ದೆ."

ಇಷ್ಟೆಲ್ಲ ಹೇಳಿದೆ. ಆದರೆ ನಮ್ಮ ಮನೆಯಲ್ಲಿ ಟೀಚರಮ್ಮ ಎಂದರೆ ಮೊದಲು ನೆನಪಾಗುವುದು ಗೌರಿಯ ವಿಷಯ.

ಗೌರಿ ನಮ್ಮ ಒಬ್ಬಳೇ ಮಗಳು. ಮೂರು ವರ್ಷವಾದರೂ ಮಾತು ಬಾರದಿದ್ದಾಗ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ ಎಂದರು. ಯಂತ್ರ ಹಾಕಿಸಿದೆವು, ಪ್ರಯೋಜನವಾಗಲಿಲ್ಲ. ಆಪರೇಷನ್ ಮಾತೂ ಬಂತು. ಪರೀಕ್ಷೆಗಳೆಲ್ಲ ಆದ ಮೇಲೆ, ಕಿವಿಯಿಂದ ಹೋಗುವ ನರವೇ ಸರಿಯಾಗಿ ಬೆಳೆದಿಲ್ಲ, ಇವಳಿಗೆ ಅದೂ ಆಗದು ಎಂದುಬಿಟ್ಟರು. ಅದೇ ಹೊತ್ತಿಗೆ ತಿಳಿದವರು ಎನಿಸಿಕೊಂಡ ನೆಂಟರೊಬ್ಬರು, "ಕೈಸನ್ನೆ ಮಾತ್ರ ಮಾಡ್ಬೇಡಿ. ಸನ್ನೆ ಅಭ್ಯಾಸ ಆದ್ರೆ ಮಗು ಬಾಯೇ ಬಿಡಲ್ಲ," ಎಂದು ಹೇಳಿ ಹೋದರು. ನಾವು ಅದನ್ನು ವೇದವಾಕ್ಯದಂತೆ ಹಿಡಿದೆವು. ಮಗುವಿನ ಮುಖಕ್ಕೆ ಮುಖ ಹಿಡಿದು 'ಅಮ್ಮ, ಅಪ್ಪ, ನೀರು' ಎಂದು ಕೂಗುತ್ತಿದ್ದೆವು. ಅವಳು ನಮ್ಮ ಬಾಯಿಯನ್ನೇ ಪಿಳಿಪಿಳಿ ನೋಡುವಳು. ಬೇಕಾದದ್ದು ಸಿಗದಿದ್ದರೆ ನೆಲಕ್ಕೆ ಬಿದ್ದು ಹೊರಳುವಳು, ಕೈ ಕಚ್ಚುವಳು. ನನ್ನ ಮುಂಗೈಯಲ್ಲಿ ಸದಾ ಹಲ್ಲಿನ ಗುರುತು ಇರುತ್ತಿತ್ತು. ಐದು ವರ್ಷದ ಮಗುವಿಗೆ ಹೊಟ್ಟೆ ನೋವೋ ಹಸಿವೋ ಎಂದು ಹೆತ್ತವಳಿಗೆ ತಿಳಿಯದು. ಅತ್ತೆ ಹಣೆ ಬಡಿದುಕೊಳ್ಳುವರು.

ಟೀಚರಮ್ಮ ಬಂದು ಕೆಲವು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಯಜಮಾನರನ್ನು ಏನೋ ಕೇಳಲು ಶೆಡ್ಡಿಗೆ ಬಂದರು. ನಾಲ್ಕೂ ಮಗ್ಗ ಓಡುತ್ತಿದ್ದವು. ಆ ಗದ್ದಲದಲ್ಲಿ ಕಿವಿಯ ಹತ್ತಿರ ಕೂಗಿದರೂ ಕೇಳುವುದಿಲ್ಲ. ಯಜಮಾನರು ಆ ಕೊನೆಯಿಂದ ನನ್ನ ಕಡೆ ಗದ್ದ ಎತ್ತಿ ಅಂಗೈ ತಿರುಗಿಸಿದರು: ಯಾಕೆ ಬಂದಿದ್ದಾರೆ? ನಾನು ಭುಜ ಕುಣಿಸಿದೆ: ಗೊತ್ತಿಲ್ಲ. ಅವರು ಹೆಬ್ಬೆರಳನ್ನು ಬಾಯಿಗೆ ತೋರಿಸಿ, ಬೆರಳು ಮನೆಯ ಕಡೆ ಮಾಡಿದರು: ಕಾಫಿ ಕೊಡು, ಕೂರಿಸು. ನಾನು ಎರಡು ಬೆರಳು ಕತ್ತರಿಯಂತೆ ಆಡಿಸಿ ಗೋಡೆ ಬದಿಯ ಮಗ್ಗ ತೋರಿಸಿದೆ: ಅಲ್ಲಿ ಎಳೆ ಕಡಿದಿದೆ, ನೋಡಿ. ಅವರು ಎದೆ ತಟ್ಟಿಕೊಂಡರು: ನಾನು ನೋಡ್ತೀನಿ, ನೀನು ಹೋಗು.

ಟೀಚರಮ್ಮ ನನ್ನ ತೋಳು ಹಿಡಿದು ಅಂಗಳಕ್ಕೆ ಎಳೆದುಕೊಂಡು ಬಂದರು. ಕನ್ನಡಕ ತೆಗೆದರು. ಒರೆಸಲು ಶುರು ಮಾಡಿದರು.

"ಈಗ ಒಳಗೆ ಏನ್ ಮಾತಾಡಿದ್ರಿ ನೀವಿಬ್ರೂ?"

"ಏನೂ ಇಲ್ವಲ್ಲ ಟೀಚರಮ್ಮ. ನಿಮಗೆ ಕಾಫಿ ಕೊಡು ಅಂದ್ರು. ಎಳೆ ಕಡ್ದಿದೆ ಅಂತ ನಾನಂದೆ."

"ನನಗೆ ಒಂದಕ್ಷರ ಕೇಳಿಸ್ಲಿಲ್ಲ."

"ಅಲ್ಲಿ ಎಲ್ಲಿ ಕೇಳ್ಸುತ್ತೆ? ಮಗ್ಗದ ಮನೇಲಿ ಎಲ್ರೂ ಹಿಂಗೇನೇ. ನಮ್ಮ ಮಾವ, ಅವರಪ್ಪ, ಎಲ್ರೂ."

"ಅಂದ್ರೆ ಕಿವಿ ಇಲ್ದೆ ಮಾತಾಡೋದು ನಿಮಗೆ ತಲೆಮಾರಿಂದ ಬರುತ್ತೆ."

ಅವರು ಕನ್ನಡಕ ಹಾಕಿಕೊಂಡರು. "ಮತ್ತೆ ಗೌರಿ ಜೊತೆ ಯಾಕೆ ಹೀಗೆ ಮಾತಾಡಲ್ಲ?"

ಅಂಗಳದ ಮೂಲೆಯಲ್ಲಿ ಗೌರಿ ಖಾಲಿ ದಾರದ ಉರುಳೆಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ನಾನು ಅವಳನ್ನು ನೋಡಿದೆ. ಆ ಕ್ಷಣದಲ್ಲಿ ನನಗೆ ಅನಿಸಿದ್ದು ಇಷ್ಟೇ: ಇದು ಇಷ್ಟು ಹತ್ತಿರದಲ್ಲಿತ್ತಲ್ಲ.

ಮನೆಯಲ್ಲಿ ದೊಡ್ಡ ಗಲಾಟೆಯೇ ಆಯಿತು. "ನನ್ ಮೊಮ್ಮಗಳನ್ನ ಮೂಗಿ ಮಾಡಿ ಕೂರಿಸ್ತಾಳಾ?" ಎಂದು ಅತ್ತೆ ಕೂಗಿದರು. "ಸನ್ನೆ ಬೇಡ ಅಂತ ಅಷ್ಟು ಹೇಳಿದ್ದಾರಲ್ಲ, ಹೆಚ್ಚು ಕಮ್ಮಿ ಆದ್ರೆ?" ಎಂದರು ಯಜಮಾನರು. ಟೀಚರಮ್ಮ ನಮ್ಮ ಜಗಲಿಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡರು.

"ಅವರು ಹೇಳಿದ ಹಾಗೆ ಮಾಡಿ ನೋಡಿದ್ದೀರಲ್ಲ, ಏನಾಯ್ತು? ಈಗ ಇದನ್ನ ಮಾಡಿ ನೋಡೋಣ. ದೀಪಾವಳಿವರೆಗೂ. ಆಗ್ಲಿಲ್ಲ ಅಂದ್ರೆ ನಾನೇ ಬಂದು, ದೊಡ್ಡಮ್ಮ, ನಾನು ತಪ್ಪು ಅಂತ ಹೇಳ್ತೀನಿ. ನಂಗೇನು ನಾಚಿಕೆ ಇಲ್ಲ."

ಅಂದಿನಿಂದ ನಾನು ಗೌರಿಯನ್ನು ಮಗ್ಗದ ಮನೆಯಲ್ಲಿಯೇ ಪಕ್ಕಕ್ಕೆ ಕೂರಿಸಿಕೊಂಡೆ. ನೀರು ಬೇಕಾ, ಬಾ, ನಿಲ್ಲು, ಬಿಸಿ, ಸಾಕು. ಕೈಯಲ್ಲಿ ಹೇಳುತ್ತ ಹೋದೆ. ಮೊದಲು ಅವಳು ನಕ್ಕಳು. ಇದೇನೋ ಆಟ ಎಂದುಕೊಂಡಿರಬೇಕು. ಆಮೇಲೆ ಒಂದು ಮಧ್ಯಾಹ್ನ, ಯಜಮಾನರು ನೂಲು ತರಲು ಪೇಟೆಗೆ ಹೋಗಿದ್ದಾಗ, ಅವಳು ಅವರ ಮಗ್ಗದ ಮುಂದೆ ಹೋಗಿ ನಿಂತಳು. ನನ್ನ ಕಡೆ ತಿರುಗಿದಳು. ಮೀಸೆ ತಿರುವಿದ ಹಾಗೆ ಮಾಡಿ, ಅಂಗೈ ತಿರುಗಿಸಿದಳು: ಅಪ್ಪ ಎಲ್ಲಿ?

ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ನಾನು ಉತ್ತರ ಹೇಳಿದೆ. ಅವಳು 'ಸರಿ' ಎನ್ನುವಂತೆ ತಲೆಯಾಡಿಸಿ, ಮತ್ತೆ ಉರುಳೆ ಜೋಡಿಸಲು ಹೋದಳು. ಹೊರಳಲಿಲ್ಲ, ಅಳಲಿಲ್ಲ. ನಾನು ಮಗ್ಗ ಆರಿಸಿ, ಅದರ ಪಕ್ಕದಲ್ಲೇ ಸ್ವಲ್ಪ ಹೊತ್ತು ಕೂತುಬಿಟ್ಟೆ.

ಇದರಲ್ಲಿ ಯಾರೂ ಎಣಿಸದ ಇನ್ನೊಂದು ನಡೆಯಿತು. ನಮ್ಮ ಮನೆಯಲ್ಲಿ ಕೈಮಾತು ಎಲ್ಲರಿಗಿಂತ ಚೆನ್ನಾಗಿ ಬರುತ್ತಿದ್ದದ್ದು ಅತ್ತೆಗೆ. ಮದುವೆಯಾಗಿ ಬಂದಂದಿನಿಂದ ಮಗ್ಗದ ಮುಂದೆ ಕೂತವರು ಅವರು. ಬೀದಿಯ ಒಬ್ಬೊಬ್ಬರಿಗೂ ಅವರ ಕೈಯಲ್ಲಿ ಒಂದೊಂದು ಗುರುತು ಇತ್ತು. ಕುಂಟುವವನಿಗೆ ಒಂದು, ಜಿಪುಣನಿಗೆ ಒಂದು, ಸೊಂಟ ಬಳುಕಿಸಿ ನಡೆಯುವವಳಿಗೆ ಒಂದು. ಮೊಮ್ಮಗಳು ತಿರುಗಿ ಮಾತಾಡುತ್ತಾಳೆ ಎಂದು ಗೊತ್ತಾಗಿದ್ದೇ ತಡ, ಅಜ್ಜಿಗೆ ಮಾತಿನ ಜೊತೆ ಸಿಕ್ಕಿತು. ಇಬ್ಬರೂ ಜಗಲಿಯಲ್ಲಿ ಕೂತು, ಬೀದಿಯಲ್ಲಿ ಹೋಗುವವರ ಚಾಡಿಯನ್ನು ಅವರ ಎದುರಿಗೇ ಹೇಳಿಕೊಂಡು ನಗುವರು. ಟೀಚರಮ್ಮನಿಗೆ ಅತ್ತೆ ಕೊಟ್ಟ ಗುರುತು ಸೆರಗಿನಿಂದ ಕನ್ನಡಕ ಒರೆಸುವುದು. ಅದನ್ನು ಸ್ವತಃ ಟೀಚರಮ್ಮನ ಮುಂದೆ ಗೌರಿ ಮಾಡಿ ತೋರಿಸಿದಾಗ ಅವರಿಗೆ ನಕ್ಕು ನಕ್ಕು ಕೆಮ್ಮು ಬಂತು. ದೀಪಾವಳಿಯ ದಿನ ಅತ್ತೆ ಒಬ್ಬಟ್ಟಿನ ತಟ್ಟೆ ಹಿಡಿದು ತಾವೇ ಪಕ್ಕದ ಮನೆಗೆ ಹೋಗಿ ಬಂದರು. ಏನು ಮಾತಾಡಿಕೊಂಡರೋ ನಮಗೆ ಹೇಳಲಿಲ್ಲ.

ನಾವೆಲ್ಲ ಅಷ್ಟಕ್ಕೇ ತೃಪ್ತರಾಗಿದ್ದೆವು. ಟೀಚರಮ್ಮ ಆಗಲಿಲ್ಲ. "ನಿಮ್ಮ ಮಗ್ಗದ ಮಾತಲ್ಲಿ ಒಂದು ಕೊರತೆ ಇದೆ ಕಣಮ್ಮ," ಎಂದರು ಒಂದು ದಿನ. "ಏನು, ಎಲ್ಲಿ, ಯಾರು, ಎಲ್ಲಾ ಇದೆ. 'ಯಾಕೆ' ಇಲ್ಲ. 'ನಾಳೆ' ಇಲ್ಲ. ಕೆಲಸಕ್ಕೆ ಬೇಕಾದಷ್ಟು ಮಾತಿದೆ, ಬೆಳೆಯೋ ಮಗೂಗೆ ಅದು ಸಾಲಲ್ಲ." ಬೆಂಗಳೂರಿನಲ್ಲಿ ಕಿವುಡ ಮಕ್ಕಳ ಶಾಲೆಗಳನ್ನು ಹುಡುಕಿ, ಒಂದೊಂದಕ್ಕೂ ತಾವೇ ಬಸ್ಸು ಹತ್ತಿ ಹೋಗಿ ಬಂದರು. ಮಕ್ಕಳು ಊಟದ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಕೈಯಲ್ಲಿ ಹರಟುತ್ತಾರೋ ಇಲ್ಲವೋ ಎಂದು ಮಾತ್ರ ನೋಡುತ್ತಿದ್ದರಂತೆ. ಹರಟುವ ಶಾಲೆಯೊಂದು ಸಿಕ್ಕಿತು. ಅಲ್ಲಿಯೇ ಹಾಸ್ಟೆಲು. ಶನಿವಾರ ಹೋಗಿ ಕರೆತರುವುದು, ಸೋಮವಾರ ಬಿಡುವುದು. ಮೊದಲ ಸೋಮವಾರ ಯಜಮಾನರು ಗೇಟಿನ ಹೊರಗೆ ಬಹಳ ಹೊತ್ತು ನಿಂತಿದ್ದರು. ಮುಂದಿನ ತಿಂಗಳ ಹೊತ್ತಿಗೆ ಗೌರಿ ಹಿಂತಿರುಗಿ ನೋಡದೆ ಒಳಗೆ ಓಡುತ್ತಿದ್ದಳು.

ಅವಳು ಕಲಿತು ಬಂದ ಭಾಷೆಯನ್ನು ಟೀಚರಮ್ಮನೂ ಕಲಿತರು. ಅರವತ್ತು ದಾಟಿದ ಗಂಟು ಬಿದ್ದ ಬೆರಳುಗಳು ಹೇಳಿದ ಹಾಗೆ ಬಾಗುತ್ತಿರಲಿಲ್ಲ. 'ನಾನು ಶಾಲೆಗೆ ಹೋದೆ' ಎನ್ನಲು ಹೋಗಿ 'ನಾನು ಶಾಲೆ ತಿಂದೆ' ಎಂದುಬಿಟ್ಟರಂತೆ. ಗೌರಿ ನೆಲದ ಮೇಲೆ ಬಿದ್ದು ನಕ್ಕಳು. "ನಗು, ನಗು. ನಾನು ಮೂವತ್ತು ವರ್ಷ ಶಾಲೆನೇ ತಿಂದಿದ್ದು," ಎಂದು ಟೀಚರಮ್ಮ ಮತ್ತೆ ಮೊದಲಿನಿಂದ ಶುರು ಮಾಡಿದರು.

ಅವರ ಸ್ವಭಾವದಲ್ಲಿ ಒಂದು ತೊಡಕೂ ಇತ್ತು, ಅದನ್ನು ಹೇಳದಿದ್ದರೆ ಚಿತ್ರ ಪೂರ್ತಿಯಾಗದು. ಯಾರಾದರೂ ಮನಸ್ಸು ಹಗುರ ಮಾಡಿಕೊಳ್ಳಲು ಅಳುತ್ತ ಬಂದರೆ, ಅಳು ಮುಗಿಯುವ ಮೊದಲೇ ಇವರು ಪರಿಹಾರ ಹುಡುಕಲು ಕೂತುಬಿಡುವರು. ಹೊರಗಿನಿಂದ ಅಗ್ಗದ ಸೀರೆ ಬಂದು ನಮ್ಮ ಕಡೆಯ ನೇಯ್ಗೆ ಬಿದ್ದುಹೋದ ಕಾಲ. ಹೊಸ ಬಗೆಯ ಬಾರ್ಡರು ಹಾಕಿ, ಬೀದಿಯವರೆಲ್ಲ ಸೇರಿ ಒಟ್ಟಿಗೆ ಮಾರಿದರೆ ಹೇಗೆ ಎಂದು ಟೀಚರಮ್ಮ ಮನೆಮನೆ ಸುತ್ತಿದ್ದರು. ಎರಡು ಹಬ್ಬದ ಮಾರಾಟ ನಡೆಯಿತು. ಆಮೇಲೆ ಒಬ್ಬೊಬ್ಬರಾಗಿ ಬಿಟ್ಟರು. ನಾವು ನಾಲ್ಕರಲ್ಲಿ ಎರಡು ಮಗ್ಗ ಗುಜರಿಗೆ ಹಾಕಿದೆವು. ಸುತ್ತಿಗೆಯಲ್ಲಿ ಬಡಿದು ಬಿಚ್ಚಿದ ಕಬ್ಬಿಣವನ್ನು ಟೆಂಪೋಗೆ ಏರಿಸಿದ ದಿನ ಯಜಮಾನರು ಖಾಲಿ ಜಾಗದಲ್ಲಿ ಕೂತು ಅತ್ತರು. ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಗಲೇ ಟೀಚರಮ್ಮ ಬಂದು, "ಈ ಜಾಗದಲ್ಲಿ ಒಂದು ಕೆಲಸ ಮಾಡಬಹುದು ನೋಡಿ," ಎಂದು ಚೀಲದಿಂದ ಟೇಪು ತೆಗೆದರು.

"ಇವತ್ತು ಬೇಡ ಟೀಚರಮ್ಮ," ಎಂದೆ. ನನ್ನ ದನಿ ಗಡುಸಾಗಿಯೇ ಇತ್ತು.

ಅವರು ಟೇಪು ಒಳಗಿಟ್ಟರು. "ಕಾಫಿ ಮಾಡ್ಲಾ?" ಎಂದರು. ನಮ್ಮ ಅಡಿಗೆಮನೆಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿ ತಂದರು. ಯಜಮಾನರ ಪಕ್ಕದಲ್ಲಿ ನೆಲದ ಮೇಲೆ ಕೂತರು. ಕಾಫಿ ಮುಗಿದ ಮೇಲೆ ಯಜಮಾನರೇ, "ಇದಕ್ಕೆ ಉತ್ತರ ಇಲ್ಲ ಅಲ್ವಾ ಟೀಚರಮ್ಮ?" ಎಂದರು.

"ನನ್ನ ಹತ್ರ ಇಲ್ಲಪ್ಪ," ಎಂದರು ಅವರು. "ಉತ್ತರಾನೇ ಇಲ್ಲ ಅಂತ ಮಾತ್ರ ನಾನು ಹೇಳಲ್ಲ."

ಮೂರು ವರ್ಷದ ಹಿಂದೆ ಅವರಿಗೆ ಹೊಟ್ಟೆಯಲ್ಲಿ ಗೆಡ್ಡೆ ಕಾಣಿಸಿತು. ಆಪರೇಷನ್ ಆಯಿತು, ಔಷಧಿ ಆಯಿತು, ಒಂದಷ್ಟು ಕಾಲ ಚೆನ್ನಾಗಿದ್ದರು, ಮತ್ತೆ ಬಂತು. ತಮ್ಮ ಬಂದು ತುಮಕೂರಿಗೆ ಕರೆದ. ಹೋಗಲಿಲ್ಲ. ಡಾಕ್ಟರಿಗೆ ಅವರು ಹಾಕುತ್ತಿದ್ದ ಪ್ರಶ್ನೆಗಳನ್ನು ನಾನು ಜೊತೆಗೆ ಹೋದಾಗ ಕೇಳಿದ್ದೇನೆ. ಈ ಔಷಧಿ ಎಷ್ಟು ಜನಕ್ಕೆ ಕೆಲಸ ಮಾಡುತ್ತೆ, ಮಾಡದವರಿಗೆ ಯಾಕೆ ಮಾಡಲ್ಲ, ಅದನ್ನು ಯಾರಾದರೂ ನೋಡುತ್ತಿದ್ದಾರಾ. ಕೊನೆಯ ಪ್ರಶ್ನೆಗೆ ಆ ಡಾಕ್ಟರು, "ನೋಡ್ತಾ ಇದ್ದಾರಮ್ಮ, ಬಹಳ ಜನ," ಎಂದಾಗ ಇವರ ಮುಖ ತಿಳಿಯಾಯಿತು. ಗುಣವಾಗುತ್ತೆ ಎಂದು ಹೇಳಿದ್ದರೂ ಅಷ್ಟು ತಿಳಿಯಾಗುತ್ತಿರಲಿಲ್ಲವೇನೋ.

ಆಟೋದಲ್ಲಿ ಬರುವಾಗ ಕೇಳಿದೆ: "ನಿಮಗೆ ಭಯ ಆಗಲ್ವಾ?"

"ಆಗುತ್ತೆ. ದುಃಖಾನೂ ಆಗುತ್ತೆ. ಇದಕ್ಕೂ ಒಂದು ದಿನ ಯಾರೋ ದಾರಿ ಹುಡುಕ್ತಾರೆ ಸರೋಜ, ನನ್ನ ಕಾಲಕ್ಕೆ ಆಗಲಿಲ್ಲ ಅಷ್ಟೆ." ಆಮೇಲೆ ಹೊರಗೆ ನೋಡುತ್ತ, "ನನ್ನ ಅಜ್ಜಿ ಬಾಣಂತನದಲ್ಲಿ ಜ್ವರ ಬಂದು ಹೋದ್ಲು. ಇವತ್ತು ಅದೇ ಜ್ವರಕ್ಕೆ ನಮ್ಮ ತಾಲ್ಲೂಕು ಆಸ್ಪತ್ರೇಲೇ ಔಷಧಿ ಇದೆ. ಅಜ್ಜಿ ಹಣೇಲಿ ಬರ್ದಿತ್ತು ಅಂತ ಎಲ್ರೂ ಸುಮ್ನಿದ್ದಿದ್ರೆ ನಾವ್ಯಾರೂ ಇರ್ತಿರಲಿಲ್ಲ," ಎಂದರು.

ಒಂದು ಬೆಳಿಗ್ಗೆ, ನಾನು ಗಂಜಿ ತೆಗೆದುಕೊಂಡು ಹೋದಾಗ, ಹೋಗಿಬಿಟ್ಟಿದ್ದರು. ತಮ್ಮ ಬಂದು ಕಾರ್ಯ ಮಾಡಿದ. ಸಾಮಾನಿನಲ್ಲಿ ಹೆಚ್ಚಿನದೇನೂ ಇರಲಿಲ್ಲ. ಬೀದಿಯವರು ಬಂದು ನಿಂತರು, ಹೂವು ಹಾಕಿದರು, ಹೋದರು. ಅತ್ತೆ ಮಾತ್ರ ಮೂರು ದಿನ ಜಗಲಿಗೆ ಬರಲಿಲ್ಲ.

ಅವರು ಹೋಗಿ ಆರು ತಿಂಗಳಾಗಿರಲಿಲ್ಲ, ನಮ್ಮ ಮನೆಯಲ್ಲಿ ಒಂದು ಮಾತು ಎದ್ದಿತು. ಗೌರಿಗೆ ಈಗ ಇಪ್ಪತ್ತು. ಐಟಿಐ ಮುಗಿಸಿದ್ದಾಳೆ. ಹೊಸಕೋಟೆ ಹತ್ತಿರ ಪಿಲ್ಲಗುಂಪೆಯಲ್ಲಿ ಬಿಡಿಭಾಗ ಜೋಡಿಸುವ ಒಂದು ಫ್ಯಾಕ್ಟರಿಯಿಂದ ಕರೆ ಬಂತು. ಪರೀಕ್ಷೆಯಲ್ಲಿ ಅವಳ ಕೈಕೆಲಸ ಎಲ್ಲರಿಗೂ ಒಪ್ಪಿಗೆಯಾಯಿತು. ಅಲ್ಲೇ ರೂಮು ಮಾಡಿಕೊಂಡು ಶಾಲೆಯ ಗೆಳತಿಯರಿಬ್ಬರ ಜೊತೆ ಇರುತ್ತೇನೆ ಎಂದಳು. ಯಜಮಾನರು ಸುತರಾಂ ಒಪ್ಪಲಿಲ್ಲ.

"ಹಿಂದಿನಿಂದ ಗಾಡಿ ಬಂದ್ರೆ ಯಾರು ಕೂಗಿ ಹೇಳ್ತಾರೆ ಇವಳಿಗೆ? ಕೂಗಿದ್ರೂ ಕೇಳುತ್ತಾ?" ಎಂದು ನನ್ನ ಮೇಲೆ ರೇಗಿದರು. ಗೌರಿ ಊಟ ಬಿಟ್ಟಳು. ಮೊದಲಾಗಿದ್ದರೆ ಪಕ್ಕದ ಮನೆಗೆ ಹೋಗಿ ಕೂರುತ್ತಿದ್ದೆ. ಈಗ ಅಲ್ಲಿ ಬೇರೆ ಸಂಸಾರವಿತ್ತು. ನಾನು ಗೌರಿಯ ಎದುರಿಗೆ ಕೂತೆ. ಕೈಯಲ್ಲಿ ಕೇಳಿದೆ: ಅಪ್ಪನ ಭಯ ಸುಳ್ಳಲ್ಲ. ಅದಕ್ಕೆ ಏನು ಮಾಡೋಣ, ನೀನೇ ಹೇಳು.

ಅವಳು ಬಹಳ ಹೊತ್ತು ಯೋಚಿಸಿದಳು. ಅಪ್ಪನೇ ಬಂದು ಆ ಜಾಗ ನೋಡಲಿ ಎಂದಳು.

ಮೂವರೂ ದೇವನಹಳ್ಳಿ ಮೇಲಿನ ಬಸ್ಸು ಹಿಡಿದು ಹೋದೆವು. ಫ್ಯಾಕ್ಟರಿಯ ಸೂಪರ್‌ವೈಸರು ವಯಸ್ಸಾದವರು, ಸಭ್ಯರು. ಆದರೆ ಅವರ ಬಾಯಲ್ಲೂ ಅದೇ ಮಾತು. "ನಿಮ್ಮ ಮಗಳು ಒಳ್ಳೆ ಕೆಲಸಗಾರ್ತಿ ಸಾರ್, ಇಲ್ಲ ಅನ್ನಲ್ಲ. ಆದ್ರೆ ಈ ಸಾಲಲ್ಲಿ ಬೆನ್ನ ಹಿಂದೆ ಟ್ರಾಲಿ ಓಡಾಡ್ತಿರುತ್ತೆ. ಹಾರನ್ ಹೊಡೀತಾರೆ, ಸರ್ಕೋತಾರೆ. ಇವಳಿಗೆ ಹೇಗೆ?" ಯಜಮಾನರು 'ನಾನು ಹೇಳಲಿಲ್ಲವೇ' ಎಂಬಂತೆ ನನ್ನನ್ನು ನೋಡಿದರು.

ಗೌರಿ ಅವರಿಬ್ಬರ ಬಾಯಿ ನೋಡುತ್ತಿದ್ದಳು. ನಾನು ಕೈಯಲ್ಲಿ ಎಲ್ಲವನ್ನೂ ತಿಳಿಸಿದೆ. ಅವಳು ಸಾಲಿನ ಉದ್ದಕ್ಕೂ ನಡೆದು ಹೋಗಿ ಬಂದಳು. ಟ್ರಾಲಿ ಎಲ್ಲಿಂದ ಬಂದು ಎಲ್ಲಿ ತಿರುಗುತ್ತದೆ ಎಂದು ನಿಂತು ನೋಡಿದಳು. ಮೇಜುಗಳೆಲ್ಲ ಗೋಡೆಗೆ ಮುಖ ಮಾಡಿದ್ದವು. ಕೂತವರ ಬೆನ್ನು ದಾರಿಗೆ. ಅವಳು ಫೋನಿನಲ್ಲಿ ಬರೆದು ಸೂಪರ್‌ವೈಸರಿಗೆ ತೋರಿಸಿದಳು: 'ಮೇಜನ್ನು ಈ ಕಡೆ ತಿರುಗಿಸಿದರೆ? ನಾನು ದಾರಿಗೆ ಮುಖ ಮಾಡಿ ಕೂರುತ್ತೇನೆ. ಬರುವುದು ಕಾಣುತ್ತದೆ.'

ಅವರು ಎರಡು ಸಲ ಓದಿದರು. ಮೇಜು ನೋಡಿದರು, ಮೇಲಿಂದ ಇಳಿದಿದ್ದ ವೈರು ನೋಡಿದರು. "ವೈರು ಸ್ವಲ್ಪ ಉದ್ದ ಮಾಡ್ಬೇಕಾಗುತ್ತೆ... ಮೊದಲಿಂದ ಹಿಂಗೇ ಇದೆ, ಯಾರೂ ಕೇಳಿರ್ಲಿಲ್ಲ. ಮೇಲಿನವರನ್ನ ಕೇಳ್ತೀನಮ್ಮ," ಎಂದರು.

ಹೊರಗೆ ಬಂದಾಗ ಯಜಮಾನರು ಅವಳನ್ನು ನಿಲ್ಲಿಸಿ ಕೈಯಲ್ಲಿ ಕೇಳಿದರು: ಆಗಲ್ಲ ಅಂದ್ರೆ? ಗೌರಿ ಹೆಗಲ ಚೀಲ ಸರಿಮಾಡಿಕೊಂಡು ಉತ್ತರಿಸಿದಳು: ಆಗಲ್ಲ ಅಂದ್ರೆ, ಯಾಕೆ ಅಂತ ಕೇಳ್ತೀನಿ.

ಫ್ಯಾಕ್ಟರಿಯವರು ಆಯಿತು ಎಂದರು, ಯಜಮಾನರೂ ಒಪ್ಪಿದರು. ಅವಳು ಹೋಗಿ ನಾಲ್ಕು ತಿಂಗಳಾಯಿತು. ಮೊನ್ನೆ ಭಾನುವಾರ ಮನೆಗೆ ಬಂದಿದ್ದಳು. ಊಟಕ್ಕೆ ಕೂತಾಗ, ಆ ಸಾಲಿನ ಮೇಜುಗಳನ್ನೆಲ್ಲ ಈಗ ದಾರಿಯ ಕಡೆಗೆ ತಿರುಗಿಸಿದ್ದಾರೆ ಎಂದಳು. ಯಾಕೆ, ಅಲ್ಲಿ ಬೇರೆ ಯಾರಿಗೂ ಕಿವಿ ಕೇಳಲ್ವಾ ಎಂದು ಅತ್ತೆ ಕೈಯಲ್ಲಿ ಕೇಳಿದರು.

ಎಲ್ಲರಿಗೂ ಕೇಳುತ್ತೆ ಅಜ್ಜಿ ಎಂದಳು ಗೌರಿ. ಬೆನ್ನ ಹಿಂದೆ ಟ್ರಾಲಿ ಬರುವಾಗ ಅವರೂ ಹೆದರುತ್ತಿದ್ದರಂತೆ.